ಸಿಗದ ಹುಡುಗಿ

ಈಗ ನಿನಗೆ 9 ವರ್ಷ. ನಾಲ್ಕನೇ ಕ್ಲಾಸು. ಕುರುಡುಮಲೆಯ ಕೆಂಪುಮಣ್ಣಿನ ಬಯಲಲ್ಲಿ ಬರಿಗಾಲಲ್ಲಿ ನಿಂತಿದ್ದೀಯ. ಹಿಂದಿನಿಂದ ಬಿಸಿಯೂಟದ ಸಾಂಬಾರಿನ ಒಗ್ಗರಣೆ ವಾಸನೆ, ಮುಂದೆ ಈಗಷ್ಟೇ ಎಳೆದ ಸುಣ್ಣದ ಗೆರೆಯ ಘಾಟು. ಊರ ಗುಡಿಯ 13 ಅಡಿಗೂ ಎತ್ತರದ ಗಣಪನಿಗೆ ಬೆಳಿಗ್ಗೆಯೇ ಕೈಮುಗಿದಿದ್ದೀಯ, ಇವತ್ತು ಆಟದ ಪೀರಿಯಡ್ ಬರದಿರಲಿ ಅಂತ.

ಬಂದೇಬಿಟ್ಟಿದೆ.

ಹೋದ ವಾರ 100 ಮೀಟರ್ ಓಟದಲ್ಲಿ ನೀನು ಗೆರೆ ಮುಟ್ಟುವಷ್ಟರಲ್ಲಿ ಉಳಿದವರೆಲ್ಲ ನೀರು ಕುಡಿಯಲು ಹೋಗಿದ್ದರು. ಆಮೇಲೆ ಥ್ರೋಬಾಲ್. ಚೆಂಡು ಮೇಲಿಂದ ಇಳಿಯುವಾಗ ನಿನ್ನ ಹೊಟ್ಟೆಯೊಳಗೆ ಏನೋ ಕುಸಿಯುತ್ತದೆ, ಕಣ್ಣು ತಾನಾಗಿ ಮುಚ್ಚಿಕೊಳ್ಳುತ್ತದೆ. ಮೂಗಿಗೆ ಬಿದ್ದ ಪೆಟ್ಟಿನ ಉಪ್ಪುರುಚಿ ಇನ್ನೂ ನಾಲಿಗೆಯಲ್ಲಿದೆ. "ಇವಳ ಕೈಲಿ ಯಾವ ಆಟಾನೂ ಆಗಲ್ಲ" ಅಂದವರು ಯಾರೋ ಗೊತ್ತಿಲ್ಲ. ಆ ವಯಸ್ಸಿನಲ್ಲಿ ಅಂಥ ಮಾತು ನಿಜವೆಂದೇ ಎದೆಯಲ್ಲಿ ಕೂತುಬಿಡುತ್ತದೆ.

ಮಿಸ್ ಮಾತ್ರ ಬೇರೆ ಏನನ್ನೋ ಗಮನಿಸಿದ್ದಾರೆ. ಊಟದ ಬಿಡುವಿನಲ್ಲಿ ಹುಣಸೆಮರದ ಸುತ್ತ ಮುಟ್ಟಾಟ ಆಡುವಾಗ ನೀನು ಯಾರ ಕೈಗೂ ಸಿಗುವುದಿಲ್ಲ. ಪಂದ್ಯದ ದಿನ ಮಗುವನ್ನು ಅಳೆಯುವವರು ಬೇಕಾದಷ್ಟು ಜನ. ಯಾರೂ ಲೆಕ್ಕ ಇಡದ ಹೊತ್ತಿನಲ್ಲಿ ಅದರ ಕಾಲು ಏನು ಮಾಡುತ್ತವೆ ಎಂದು ನೋಡುವವರು ಕಡಿಮೆ. ನಾನು ಕೈಮುಗಿಯುವುದು ಅಂಥವರಿಗೆ.

ಮಿಸ್ ಫೋನಿನಲ್ಲಿ ಒಂದು ಆಟ ತೋರಿಸುತ್ತಾರೆ. 2025ರ ಜನವರಿ 19, ದೆಹಲಿ. ಮೊದಲ ಖೋ-ಖೋ ವಿಶ್ವಕಪ್ ಫೈನಲ್. ನಮ್ಮ ಹೆಣ್ಣುಮಕ್ಕಳು ನೇಪಾಳವನ್ನು 78-40ರಿಂದ ಸೋಲಿಸಿದ ದಿನ. ಹಿಂದೆ ಬಂದವರಿಂದೆಲ್ಲ ತಪ್ಪಿಸಿಕೊಂಡು ಸುಳಿಯುತ್ತಿರುವವಳು ತಿ. ನರಸೀಪುರ ತಾಲ್ಲೂಕಿನ ಕುರುಬೂರಿನ ಬಿ. ಚೈತ್ರಾ, ಆ ಪಂದ್ಯದ ಅತ್ಯುತ್ತಮ ಆಟಗಾರ್ತಿ.

"ಬಾಮ್ಮ, ನಿಂತ್ಕೋ. ಬೇಡ ಅನ್ನಿಸಿದ್ರೆ ಕೈ ಎತ್ತು, ಬಿಟ್ಟುಬಿಡೋಣ."

ತೀರ್ಮಾನ ನಿನಗೇ ಬಿಟ್ಟಿದ್ದಾರೆ, ಅದೇ ಭಾರ. ಕೈ ಅರ್ಧ ಎದ್ದು, ಲಂಗ ಸರಿಮಾಡಿಕೊಂಡು ಇಳಿಯುತ್ತದೆ.

ಎರಡು ಕಂಬಗಳ ನಡುವೆ ಎಂಟು ಮಂದಿ ಕೂತಿದ್ದಾರೆ, ಒಬ್ಬಳ ಮುಖ ಆ ಕಡೆ, ಪಕ್ಕದವಳ ಮುಖ ಈ ಕಡೆ. ಅಟ್ಟಿಸಲು ನಿಂತವಳು ಓಟದಲ್ಲಿ ಫಸ್ಟ್ ಬಂದವಳು. ತಪ್ಪಿಸಿಕೊಳ್ಳಬೇಕಾದ ಮೂವರಲ್ಲಿ ನೀನೊಬ್ಬಳು. ವಿಷಲ್. ಧೂಳು. ಒಬ್ಬಳು ಔಟ್. ಇನ್ನೊಬ್ಬಳೂ ಔಟ್.

ಹಿಂದೆ ದಡದಡ ಹೆಜ್ಜೆ. ಅವಳ ಉಸಿರು ನಿನ್ನ ಕುತ್ತಿಗೆಗೆ ತಾಗುತ್ತಿದೆ. ಬಲಕ್ಕೋ, ಎಡಕ್ಕೋ? ಎಡಕ್ಕೆ. ಕೂತವರ ನಡುವೆ ನುಸುಳುತ್ತೀಯ. ಅವಳು ಹಾಗೆ ನುಗ್ಗುವಂತಿಲ್ಲ. ಅಟ್ಟಿಸುವವಳು ನಡುವಿನ ಪಟ್ಟಿ ದಾಟಬಾರದು, ಹಿಡಿದ ದಿಕ್ಕು ಬಿಡಬಾರದು, ತಿರುಗಬೇಕಾದರೆ ಕಂಬದವರೆಗೆ ಹೋಗಬೇಕು. ನೇರ ಓಟದಲ್ಲಿ ಸೋತ ನಿನ್ನ ಗಿಡ್ಡ ಕಾಲು ಇಲ್ಲಿ ಗಕ್ಕನೆ ತಿರುಗುತ್ತವೆ. "ಖೋ!" ಇನ್ನೊಬ್ಬಳು ಎದ್ದಳು. ತಿರುಗು. "ಖೋ!" ಬಗ್ಗು. ಬೆರಳು ಜಡೆ ಸವರಿಕೊಂಡೇ ಹೋಯಿತು. ಹಿಮ್ಮಡಿಗೆ ಕಲ್ಲು. ನಿಲ್ಲಬೇಡ. ಕಣ್ಣು ಮುಚ್ಚಿಲ್ಲ, ನೋಡು, ಒಂದು ಸಲವೂ ಮುಚ್ಚಿಲ್ಲ.

ಬೆನ್ನಿಗೆ ಬೀಳುತ್ತದೆ ಕೈ. ಔಟ್.

"ಲೇ, ನೀನು ಸಿಗೋದೇ ಇಲ್ವಲ್ಲೇ!" ಫಸ್ಟ್ ಬಂದ ಹುಡುಗಿ ಏದುಸಿರಿನಲ್ಲಿ ಕೂಗುತ್ತಾಳೆ. ಮಿಸ್ ಬಂದು ಹಿಮ್ಮಡಿ ಒತ್ತಿ ನೋಡುತ್ತಾರೆ. ಈ ವಯಸ್ಸಿನಲ್ಲಿ ಅಲ್ಲಿನ ಮೂಳೆ ಇನ್ನೂ ಬೆಳೆಯುತ್ತಿರುತ್ತದೆ, ನೋವಿದ್ದರೆ ಮುಚ್ಚಿಡಬಾರದು. ಕೆಂಪಗಾಗಿದೆ, ಅಷ್ಟೆ.

"ನಾಳೆ ಕಬಡ್ಡಿ ಆಡಿ ನೋಡ್ತೀಯಾ?"

"ಬೇಡ ಮಿಸ್. ಇದನ್ನೇ. ಇವತ್ತೇ ಇನ್ನೊಂದ್ ಸಲ."