ಶ್ರಾದ್ಧದ ಬೆಕ್ಕೂ ಸಿ ಡ್ರೈವೂ

ಬೆಂಗಳೂರಿನ ಸಾಫ್ಟ್‌ವೇರ್ ಕಚೇರಿಗಳಲ್ಲಿ ಪದೇ ಪದೇ ಕಿವಿಗೆ ಬೀಳುವ ಮಾತು ಯಾವುದೆಂದು ಯಾರಾದರೂ ಕೇಳಿದರೆ, ಟ್ರಾಫಿಕ್ಕಿಗೆ ಹಾಕುವ ಶಾಪವನ್ನು ಬಿಟ್ಟು, "ನನ್ನ ಮಷೀನಲ್ಲಿ ಓಡ್ತಾ ಇದೆಯಲ್ರೀ" ಎಂಬುದನ್ನೇ ಮೊದಲು ಹೇಳಬೇಕು. ಹೇಳುವವನು ಪ್ರೋಗ್ರಾಮು ಬರೆದವನು. ದನಿಯಲ್ಲಿ ಅರ್ಧ ಆಶ್ಚರ್ಯ, ಅರ್ಧ ಆರೋಪ. ಕೇಳಿಸಿಕೊಳ್ಳುವವನು ಸರ್ವರ್ ನೋಡಿಕೊಳ್ಳುವವನು. ಮುಖದಲ್ಲಿ ಈ ಮಾತನ್ನು ಬಹಳ ಸಲ ಕೇಳಿ ದಣಿದವನ ಶಾಂತಿ. ತಮಾಷೆಯೆಂದರೆ ಇಬ್ಬರಲ್ಲಿ ಯಾರೂ ಸುಳ್ಳು ಹೇಳುತ್ತಿಲ್ಲ. ಅಲ್ಲಿ ಓಡುತ್ತಿರುವುದೂ ನಿಜ, ಇಲ್ಲಿ ಮುಗ್ಗರಿಸಿರುವುದೂ ನಿಜ. ಬರೆದದ್ದು ವಿಂಡೋಸಿನಲ್ಲೋ ಮ್ಯಾಕಿನಲ್ಲೋ, ದುಡಿಯಬೇಕಾದದ್ದು ಲಿನಕ್ಸಿನಲ್ಲಿ. ಜಗಳವೆಲ್ಲ ಆ ನಡುವಿನ ಗಡಿಯದು.

ಹಾಗಾದರೆ ಎರಡೂ ಕಡೆ ಒಂದನ್ನೇ ಇಟ್ಟುಕೊಳ್ಳಬಾರದೇ ಎನ್ನಬಹುದು. ಇಟ್ಟುಕೊಳ್ಳಬಹುದು, ಆದರೆ ಆಗುವುದಿಲ್ಲ. ಲ್ಯಾಪ್‌ಟಾಪು ಯಾವುದಿರಬೇಕೆಂದು ತೀರ್ಮಾನಿಸುವುದು ಕಚೇರಿ. ಕಚೇರಿಗೆ ಎಕ್ಸೆಲ್ ಬೇಕು, ಔಟ್‌ಲುಕ್ ಬೇಕು. ಸರ್ವರ್ ಯಾವುದಿರಬೇಕೆಂದು ತೀರ್ಮಾನಿಸುವುದು ಖರ್ಚು. ಸಾವಿರ ಯಂತ್ರಗಳಿಗೆ ಸಾವಿರ ಲೈಸೆನ್ಸ್ ಕೊಳ್ಳುವುದಕ್ಕಿಂತ, 1991ರಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿ ಲೈನಸ್ ಟೋರ್ವಾಲ್ಡ್ಸ್ ಶುರುಮಾಡಿ ಜಗತ್ತಿಗೇ ಬಿಟ್ಟುಕೊಟ್ಟ ಲಿನಕ್ಸನ್ನು ಹಾಕಿಕೊಳ್ಳುವುದೇ ಜಾಣತನ. 2017ರ ನವೆಂಬರಿನಿಂದೀಚೆಗೆ ಜಗತ್ತಿನ ಅತಿ ವೇಗದ 500 ಸೂಪರ್‌ಕಂಪ್ಯೂಟರುಗಳ ಪಟ್ಟಿಯಲ್ಲಿರುವುದೆಲ್ಲ ಲಿನಕ್ಸೇ. ಹೀಗೆ ಮೇಜಿನ ಮೇಲೊಬ್ಬ ದೊರೆ, ಡೇಟಾ ಸೆಂಟರಿನಲ್ಲೊಬ್ಬ ದೊರೆ.

ಗಡಿಯಲ್ಲಿ ಮೊದಲು ಸಿಕ್ಕಿಬೀಳುವುದು ಇಂಗ್ಲಿಷಿನ ದೊಡ್ಡಕ್ಷರ, ಸಣ್ಣಕ್ಷರ. ವಿಂಡೋಸಿಗೂ ಸಾಮಾನ್ಯವಾಗಿ ಮ್ಯಾಕಿಗೂ ಈ ಭೇದವಿಲ್ಲ: ಚಿತ್ರದ ಹೆಸರನ್ನು ಹೇಗೆ ಬರೆದಿದ್ದರೂ ಹುಡುಕಿ ಕೊಡುತ್ತವೆ. ಲಿನಕ್ಸ್ ಮಡಿವಂತ. ಫೈಲಿನ ಹೆಸರಿನ ಮೊದಲಕ್ಷರ ದೊಡ್ಡದಿದ್ದು ಪ್ರೋಗ್ರಾಮಿನಲ್ಲಿ ಸಣ್ಣದು ಬರೆದಿದ್ದರೆ, ಅಂಥ ಫೈಲೇ ಇಲ್ಲ ಎಂದುಬಿಡುತ್ತದೆ. ಲಿನಕ್ಸಿನ ತಿರುಳಾದ ಕರ್ನೆಲ್ಲಿನ ಮೂಲ ಕೋಡಿನಲ್ಲೇ ಅಕ್ಷರದ ಗಾತ್ರ ಬಿಟ್ಟರೆ ಹೆಸರಿನಲ್ಲಿ ಬೇರೇನೂ ವ್ಯತ್ಯಾಸವಿಲ್ಲದ ಜೋಡಿ ಫೈಲುಗಳಿವೆ. ಅದನ್ನು ವಿಂಡೋಸಿನ ಫೋಲ್ಡರಿಗೆ ಇಳಿಸಿಕೊಂಡರೆ ಒಂದರ ಮೇಲೊಂದು ಕೂತು ಜೋಡಿ ಒಂಟಿಯಾಗುತ್ತದೆ.

ದೊಡ್ಡಕ್ಷರ ಸಣ್ಣಕ್ಷರದ ಗೊಡವೆಯೇ ಇಲ್ಲದ ನಾವು ಕನ್ನಡದಲ್ಲೇ ಹೆಸರಿಟ್ಟು ಬಚಾವಾಗಬಹುದಲ್ಲ ಎಂದು ಹಿಗ್ಗಬೇಡಿ. ಅಲ್ಲಿ ಬೇರೆ ಗುಂಡಿಯಿದೆ. ಫೈಲಿಗೆ 'ಕೋಳಿ' ಎಂದು ಹೆಸರಿಟ್ಟಿರಿ ಎನ್ನೋಣ. ವಿಂಡೋಸಿನಲ್ಲೂ ಲಿನಕ್ಸಿನಲ್ಲೂ ಸಾಮಾನ್ಯವಾಗಿ ಕೀಲಿಮಣೆಯಿಂದ ಹೊರಡುವುದು ಕ, ಓತ್ವ, ಳ, ಗುಡಿಸು — ನಾಲ್ಕು ಸಂಕೇತ. ಸಂಕೇತಗಳನ್ನು ಬೈಟುಗಳಾಗಿ ಬರೆದಿಡುವ ಯುಟಿಎಫ್-8ರಲ್ಲಿ ಒಂದೊಂದು ಕನ್ನಡ ಸಂಕೇತಕ್ಕೂ 3 ಬೈಟು, ಒಟ್ಟು 12. ಆದರೆ ಯುನಿಕೋಡಿನ ಪ್ರಕಾರ ಓತ್ವವನ್ನು ಎತ್ವ, ಕೊಂಬಿನ ದೀರ್ಘ, ಕೊನೆಗೊಂದು ದೀರ್ಘದ ಚಿಹ್ನೆ ಎಂದು ಮೂರಾಗಿ ಬಿಡಿಸಿಯೂ ಬರೆಯಬಹುದು. 2017ರವರೆಗಿನ ಮ್ಯಾಕುಗಳ ಫೈಲ್ ವ್ಯವಸ್ಥೆ ಹೆಸರುಗಳನ್ನು ಹೀಗೆ ಬಿಡಿಸಿಯೇ ಇಡುತ್ತಿತ್ತು. ಅಲ್ಲಿ ಅದೇ ಕೋಳಿ 18 ಬೈಟು. ತೆರೆಯ ಮೇಲೆ ಕೂದಲೆಳೆಯಷ್ಟೂ ಫರಕಿಲ್ಲ. ಲಿನಕ್ಸ್ ಸರ್ವರಿಗೆ ಬಂದರೆ, ಅದು ಹೆಸರನ್ನು ಓದುವುದಿಲ್ಲ, ಬೈಟುಗಳನ್ನು ಹೋಲಿಸುತ್ತದೆ. ಒಂದೇ ಫೋಲ್ಡರಿನಲ್ಲಿ ಒಂದೇ ಹೆಸರಿನ ಎರಡು ಕೋಳಿಗಳು ಅಕ್ಕಪಕ್ಕ ಕೂತಿರುತ್ತವೆ. ಕೇಳಿದ್ದು ಒಂದನ್ನಾದರೆ ಸಿಗುವುದು ಇನ್ನೊಂದು.

ಕನ್ನಡದ ಮಾತು ಬಂತಲ್ಲ, ಅದನ್ನೂ ಆಡಿಬಿಡುತ್ತೇನೆ. ಯುನಿಕೋಡ್‌ಗೆ ಮುಂಚಿನ ನುಡಿ, ಬರಹ ಎಂಬ ತಂತ್ರಾಂಶಗಳ ಕಡತಗಳಲ್ಲಿ ಒಳಗಿರುತ್ತಿದ್ದದ್ದು ಇಂಗ್ಲಿಷಿನ ಸಂಕೇತಗಳು. ಅವಕ್ಕೆ ಕನ್ನಡದ ವೇಷ ತೊಡಿಸುತ್ತಿದ್ದದ್ದು ಫಾಂಟು. ಫಾಂಟಿಲ್ಲದ ಯಂತ್ರದಲ್ಲಿ ವೇಷ ಕಳಚಿ, ಅರ್ಜಿಯೆಲ್ಲ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ. ವಿಂಡೋಸ್ ಎಕ್ಸ್‌ಪಿಯ ಜೊತೆ 2001ರಲ್ಲಿ ತುಂಗಾ ಫಾಂಟು ಬಂದ ಮೇಲೆ ಮೇಜಿನ ಮೇಲಿನ ಕಷ್ಟ ಬಹುಪಾಲು ಕಳೆಯಿತು. ಸರ್ವರಿನ ಕಷ್ಟ ಉಳಿಯಿತು. ಲ್ಯಾಪ್‌ಟಾಪಿನಲ್ಲಿ ಚೆಂದದ ಕನ್ನಡ ರಸೀದಿಯ ಪಿಡಿಎಫ್ ತಯಾರಿಸುವ ಪ್ರೋಗ್ರಾಮನ್ನು ಸರ್ವರಿಗೆ ಹಾಕಿ, ಹೆಸರು, ಊರು, ಮೊತ್ತ ಇರಬೇಕಾದ ಕಡೆಯೆಲ್ಲ ಖಾಲಿ ಚೌಕಗಳನ್ನು ಕಂಡವರು ಬಹಳ ಮಂದಿ. ಸರ್ವರಿಗೆ ಪರದೆಯೇ ಇಲ್ಲ, ಅದಕ್ಕೇಕೆ ಫಾಂಟು ಎಂದು ಯಾರೂ ಹಾಕಿರುವುದಿಲ್ಲ. ಲೋಹಿತ್ ಕನ್ನಡವೋ ನವಿಲೋ ಗುಬ್ಬಿಯೋ ಒಂದು ಫಾಂಟನ್ನು ಹಾಕಿದರೆ ಚೌಕಗಳು ಮಾಯ.

ಇನ್ನು ಸಾಲು ಮುರಿಯುವ ಕಥೆ. ಒಂದು ಸಾಲು ಮುಗಿಯಿತು, ಮುಂದಿನದು ಶುರು ಎಂದು ಫೈಲಿನೊಳಗೆ ಗುರುತು ಹಾಕುವುದು ಹೇಗೆ? ಯೂನಿಕ್ಸ್ ವಂಶದವರು ಒಂದು ಗುರುತು ಹಾಕುತ್ತಾರೆ, ವಿಂಡೋಸಿನವರು ಎರಡು. 2001ಕ್ಕೆ ಮುಂಚಿನ ಮ್ಯಾಕಿನವರೂ ಒಂದೇ ಹಾಕುತ್ತಿದ್ದರು, ಆದರೆ ಇನ್ನೊಂದನ್ನು. ಟೈಪಿಂಗ್ ಇನ್‌ಸ್ಟಿಟ್ಯೂಟಿಗೆ ಹೋದ ತಲೆಮಾರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಸಾಲಿನ ಕೊನೆಗೆ ಗಂಟೆ ಹೊಡೆದಾಗ ಎಡಗೈ ಸನ್ನೆಗೋಲನ್ನು ತಳ್ಳುತ್ತಿತ್ತು. ಒಂದೇ ತಳ್ಳಿಗೆ ಎರಡು ಕೆಲಸ — ಕಾಗದ ಒಂದು ಸಾಲು ಮೇಲೇರುವುದು, ಗಾಡಿ ಮೊದಲ ಜಾಗಕ್ಕೆ ಮರಳುವುದು. ತಂತಿಯಲ್ಲಿ ಬಂದ ಸಂದೇಶವನ್ನು ತಾನೇ ಟೈಪು ಮಾಡುತ್ತಿದ್ದ ಟೆಲಿಟೈಪ್ ಯಂತ್ರಕ್ಕೆ ಇವೆರಡನ್ನೂ ಬೇರೆ ಬೇರೆ ಸಂಕೇತವಾಗಿ ಹೇಳಬೇಕಿತ್ತು. ಮಾಡೆಲ್ 33 ಎಂಬ ಹೆಸರಾಂತ ಯಂತ್ರ ಸೆಕೆಂಡಿಗೆ 10 ಅಕ್ಷರ ಒತ್ತುತ್ತಿತ್ತು. ಬಲತುದಿಯಿಂದ ಎಡತುದಿಗೆ ಮರಳಲು ಒಂದಕ್ಷರದ ಹೊತ್ತು ಸಾಲುತ್ತಿರಲಿಲ್ಲ. ಎರಡು ಸಂಕೇತ ಕಳಿಸಿದರೆ ಉಸಿರು ತೆಗೆದುಕೊಳ್ಳಲು ಬಿಡುವು. ಆ ಎರಡನ್ನು ಸಿಪಿ/ಎಂ ಎಂಬ ಹಳೆಯ ಆಪರೇಟಿಂಗ್ ಸಿಸ್ಟಮ್ ಉಳಿಸಿಕೊಂಡಿತು, ಅದರಿಂದ ಡಾಸ್ ಕಲಿಯಿತು, ಡಾಸಿನಿಂದ ವಿಂಡೋಸ್.

ಟೆಲಿಟೈಪ್ ಗುಜರಿ ಸೇರಿ ಯಾವ ಕಾಲವಾಯಿತೋ. ನಮ್ಮ ಕಡೆ ಒಂದು ಕಥೆಯಿದೆ: ಶ್ರಾದ್ಧದ ದಿನ ಎಡೆಗೆ ಬಾಯಿ ಹಾಕೀತೆಂದು ಅಜ್ಜ ಮನೆಯ ಬೆಕ್ಕನ್ನು ಬುಟ್ಟಿಯಡಿ ಮುಚ್ಚಿಡುತ್ತಿದ್ದ, ಬೆಕ್ಕೇ ಇಲ್ಲದ ಮೊಮ್ಮಗ ತಿಥಿಯ ಬೆಳಗ್ಗೆ ಊರೆಲ್ಲ ಸುತ್ತಿ ಬೆಕ್ಕೊಂದನ್ನು ಹಿಡಿದು ತಂದು ಮುಚ್ಚಿಟ್ಟ. ಕಂಪ್ಯೂಟರುಗಳ ಒಳಗೆ ಇಂಥ ಬೆಕ್ಕುಗಳಿಗೆ ಲೆಕ್ಕವಿಲ್ಲ.

ಈ ಸಾಲಿನ ಬೆಕ್ಕು ಪರಚುವುದು ಹೇಗೆಂದರೆ: ವಿಂಡೋಸಿನಲ್ಲಿ ಬರೆದ ಶೆಲ್ ಸ್ಕ್ರಿಪ್ಟನ್ನು ಲಿನಕ್ಸಿಗೆ ಹಾಕಿ ಓಡಿಸುತ್ತೀರಿ. ಮೊದಲ ಸಾಲಿನಲ್ಲಿ, ಇದನ್ನು ಬ್ಯಾಷ್ ಎಂಬ ಪ್ರೋಗ್ರಾಮಿನಿಂದ ಓಡಿಸು ಎಂದು ಅದರ ವಿಳಾಸ ಕೊಟ್ಟಿದೆ. ಲಿನಕ್ಸ್ ಆ ವಿಳಾಸದ ಬಾಲಕ್ಕೆ ಅಂಟಿದ, ಕಣ್ಣಿಗೆ ಕಾಣದ ಹೆಚ್ಚಿನ ಗುರುತನ್ನೂ ಸೇರಿಸಿ ಓದುತ್ತದೆ. ಅಂಥ ಪ್ರೋಗ್ರಾಮು ಇಲ್ಲ ಎನ್ನುತ್ತದೆ. ನೀವು ಹೋಗಿ ನೋಡಿದರೆ ಬ್ಯಾಷ್ ಕಲ್ಲುಗುಂಡಿನ ಹಾಗೆ ಅಲ್ಲೇ ಇದೆ. ಹೊಸಬರು ಅರ್ಧ ದಿನ ಇದರಲ್ಲೇ ಕಳೆಯುತ್ತಾರೆ. ಬಲ್ಲವರು 'ಡಾಸ್‌ಟುಯೂನಿಕ್ಸ್' ಎಂಬ ಪುಟ್ಟ ಆದೇಶ ಕೊಟ್ಟು ಕಾಫಿಗೆ ಏಳುತ್ತಾರೆ. ವಿಂಡೋಸಿನ ನೋಟ್‌ಪ್ಯಾಡು ಲಿನಕ್ಸಿನ ಫೈಲುಗಳನ್ನು ಸಾಲು ಮುರಿದು ತೋರಿಸುವುದನ್ನು ಕಲಿತದ್ದು 2018ರಲ್ಲಿ.

ಇನ್ನೂ ಮೂರು ಬೆಕ್ಕುಗಳನ್ನು ಬೇಗ ಬೇಗ ತೋರಿಸಿಬಿಡುತ್ತೇನೆ. ಹಾರ್ಡ್ ಡಿಸ್ಕಿಗೆ ಸಿ ಎಂದೇಕೆ ಹೆಸರು? ಎ, ಬಿ ಎರಡೂ ಫ್ಲಾಪಿಗಳಿಗೆ ಮೀಸಲಾಗಿದ್ದವು. ಫ್ಲಾಪಿಯನ್ನು ಕಣ್ಣಾರೆ ಕಾಣದ ಹುಡುಗರೂ ಇಂದು ಸಿ ಡ್ರೈವಿನಲ್ಲೇ ಬಾಳುತ್ತಾರೆ. ವಿಂಡೋಸಿನ ಓರೆಗೆರೆ ಹಿಂದಕ್ಕೆ ವಾಲಿರುವುದೇಕೆ? 1983ರ ಡಾಸ್ 2.0ಕ್ಕೆ ಫೋಲ್ಡರುಗಳು ಬರುವ ಹೊತ್ತಿಗೆ, ಮುಂದಕ್ಕೆ ವಾಲಿದ ಗೆರೆಗೆ ಆದೇಶಗಳಲ್ಲಿ ಬೇರೆ ಕೆಲಸ ಕೊಟ್ಟಾಗಿತ್ತು. 'ಸಿಓಎನ್' ಎಂಬ ಮೂರಕ್ಷರದ ಫೋಲ್ಡರನ್ನು ಮಾಡಲಾಗುವುದಿಲ್ಲ, ಇದನ್ನು ಕಂಡುಹಿಡಿದವನು ಒಬ್ಬ ಭಾರತೀಯ, ಮೈಕ್ರೋಸಾಫ್ಟಿನವರಿಗೇ ಕಾರಣ ಗೊತ್ತಿಲ್ಲ ಎಂಬ ಸಂದೇಶ ಮೊದಲು ಇಮೇಲಿನಲ್ಲಿ, ಆಮೇಲೆ ವಾಟ್ಸಾಪಿನಲ್ಲಿ ನಮ್ಮ ದೇಶವನ್ನೆಲ್ಲ ಸುತ್ತಿತು. ಮಾಡಲಾಗದು ಎಂಬಷ್ಟು ನಿಜ. ಅದು ಕೀಲಿಮಣೆ ಮತ್ತು ಪರದೆಗೆ ಡಾಸ್ ಇಟ್ಟುಕೊಂಡ ಹೆಸರು. ಫೋಲ್ಡರುಗಳೇ ಇಲ್ಲದ ಕಾಲದ್ದಾದ್ದರಿಂದ ಎಲ್ಲೆಡೆಯೂ ಸಲ್ಲಬೇಕಿತ್ತು, ಇಂದಿಗೂ ಸಲ್ಲುತ್ತಿದೆ. ರಹಸ್ಯವೇನೂ ಇಲ್ಲ.

ಗಡಿಯಾರಕ್ಕೆ ಬನ್ನಿ. ಒಂದೇ ಯಂತ್ರದಲ್ಲಿ ವಿಂಡೋಸನ್ನೂ ಲಿನಕ್ಸನ್ನೂ ಹಾಕಿಕೊಂಡವರಿಗೆ, ಒಂದರಿಂದ ಇನ್ನೊಂದಕ್ಕೆ ಹೋದಾಗ ಗಂಟೆ ಐದೂವರೆ ತಾಸು ಆಚೀಚೆಯಾಗಿ ಕಾಣುವುದು ಗೊತ್ತು. ಯಂತ್ರದೊಳಗಿನ ಗಡಿಯಾರದಲ್ಲಿರುವುದು ಊರಿನ ಸಮಯ ಎಂದು ವಿಂಡೋಸ್ ನಂಬುತ್ತದೆ, ಜಾಗತಿಕ ಸಮಯ ಎಂದು ಲಿನಕ್ಸ್ ನಂಬುತ್ತದೆ. ಸರ್ವರುಗಳು ಬಹುಮಟ್ಟಿಗೆ ಜಾಗತಿಕ ಸಮಯದವು. ರಾತ್ರಿ 2ಕ್ಕೆ ಬ್ಯಾಕಪ್ ಆಗಲಿ ಎಂದು ಬರೆದಿಟ್ಟರೆ ಅದು ನಮ್ಮ ಬೆಳಗಿನ ಏಳೂವರೆಗೆ, ಗ್ರಾಹಕರು ಕಣ್ಣುಜ್ಜಿಕೊಂಡು ಆ್ಯಪ್ ತೆರೆಯುವ ಹೊತ್ತಿಗೆ, ಡಿಸ್ಕನ್ನು ತಿನ್ನಲು ಕೂರುತ್ತದೆ. ಭಾರತದ ಸಮಯ ಬೇಕೆಂದು ಲಿನಕ್ಸಿಗೆ ಹೇಳುವುದಾದರೆ 'ಏಷ್ಯಾ/ಕೋಲ್ಕತಾ' ಎನ್ನಬೇಕು. ವಿಂಡೋಸಿನ ಪಟ್ಟಿಯಲ್ಲಿ ಚೆನ್ನೈ, ಕೋಲ್ಕತಾ, ಮುಂಬೈ, ನವದೆಹಲಿ ನಾಲ್ಕೂ ಇವೆ. ಇಷ್ಟೆಲ್ಲ ಸರ್ವರುಗಳ ಚಾಕರಿ ಮಾಡುವ ಬೆಂಗಳೂರಿಗೆ ಎರಡರಲ್ಲೂ ಜಾಗವಿಲ್ಲ.

ಸರ್ವರಿನ ಮುಂದೆ ಕೂತವನಿಗೆ ಬುದ್ಧಿಗಿಂತ ಹೆಚ್ಚಾಗಿ ಕೈಕೊಡುವುದು ಅವನ ಬೆರಳು. ವಿಂಡೋಸಿನಲ್ಲಿ ಕಂಟ್ರೋಲ್-ಸಿ ಎಂದರೆ ನಕಲು. ಲಿನಕ್ಸಿನ ಟರ್ಮಿನಲ್ಲಿನಲ್ಲಿ ನಡೆಯುತ್ತಿರುವ ಕೆಲಸವನ್ನು ಕೊಲ್ಲುವುದು. ಮ್ಯಾಕಿನವರು ನಕಲಿಗೆ ಕಮಾಂಡ್ ಎಂಬ ಬೇರೆ ಕೀಲಿ ಇಟ್ಟುಕೊಂಡು ಪಾರಾದರು. ವಿಂಡೋಸಿನಿಂದ ಸರ್ವರಿಗೆ ಹೋಗಲು ಬಹುಕಾಲ ಎಲ್ಲರೂ ನೆಚ್ಚಿದ್ದ ಪುಟ್ಟಿ ಎಂಬ ಪ್ರೋಗ್ರಾಮಿನಲ್ಲಿ ಮೌಸಿನ ಬಲಗುಂಡಿ ಒತ್ತಿದರೆ ಮೆನು ಬರುವುದಿಲ್ಲ, ಆಗಷ್ಟೇ ನಕಲು ಮಾಡಿದ್ದೆಲ್ಲ ಅಲ್ಲಿ ಸುರಿಯುತ್ತದೆ. ಸರ್ವಾಧಿಕಾರವುಳ್ಳ ರೂಟ್ ಖಾತೆಯಲ್ಲಿ ಕೂತಿರುವಾಗ, ಹಳೆಯ ಟಿಪ್ಪಣಿಯ ಅಳಿಸುವ ಆದೇಶವೊಂದು ಹಾಗೆ ಸುರಿದರೆ ಏನಾದೀತು ಎಂಬುದನ್ನು ನಿಮ್ಮ ಊಹೆಗೇ ಬಿಡುತ್ತೇನೆ. ಅಲ್ಲಿ ಕಸದ ಬುಟ್ಟಿಯೂ ಇಲ್ಲ.

ಅಳಿಸುವುದರಲ್ಲೂ ಸ್ವಭಾವ ಬೇರೆ. ಯಾರೋ ತೆರೆದಿಟ್ಟಿರುವ ಫೈಲನ್ನು ಅಳಿಸಲು ಹೋದರೆ ವಿಂಡೋಸ್ ಸಾಮಾನ್ಯವಾಗಿ ಬಿಡುವುದಿಲ್ಲ, ಬಳಕೆಯಲ್ಲಿದೆ ಎಂದು ಗದರುತ್ತದೆ. ಅಪ್‌ಡೇಟ್ ಬಂದಾಗಲೆಲ್ಲ ಅದು ರೀಸ್ಟಾರ್ಟ್ ಕೇಳುವುದಕ್ಕೆ ಇದೂ ಒಂದು ಕಾರಣ. ಲಿನಕ್ಸ್ ಮರುಮಾತಿಲ್ಲದೆ ಅಳಿಸುತ್ತದೆ, ಆದರೆ ಅಳಿಸುವುದು ಹೆಸರನ್ನು ಮಾತ್ರ. ತೆರೆದಿಟ್ಟುಕೊಂಡವನು ಬಿಡುವವರೆಗೆ ಒಳಗಿನ ಸರಕು ಡಿಸ್ಕಿನಲ್ಲೇ ಇರುತ್ತದೆ. ಡಿಸ್ಕು ತುಂಬಿತೆಂದು ದೊಡ್ಡ ಲಾಗ್ ಫೈಲನ್ನು ಅಳಿಸಿ, ಒಂದಿಷ್ಟೂ ಜಾಗ ಬಿಡುಗಡೆಯಾಗದೆ ಬೆವರುವವರಿಗೆ ಉತ್ತರ ಇದು: ಆ ಫೈಲಿಗೆ ಬರೆಯುತ್ತಿರುವ ಪ್ರೋಗ್ರಾಮನ್ನು ಒಮ್ಮೆ ನಿಲ್ಲಿಸಿ ಎಬ್ಬಿಸಿ.

ಈ ಗಡಿಯನ್ನೇ ಅಳಿಸುತ್ತೇವೆಂದು ಹೊರಟವರೂ ಕಡಿಮೆಯೇನಲ್ಲ. ಒಮ್ಮೆ ಬರೆಯಿರಿ, ಎಲ್ಲೆಡೆ ಓಡಿಸಿ ಎಂದು 1995ರಲ್ಲಿ ಜಾವಾ ಬಂತು. ಒಂದು ಕಾಲಕ್ಕೆ ಲಿನಕ್ಸನ್ನು ಹಳಿಯುತ್ತಿದ್ದ ಮೈಕ್ರೋಸಾಫ್ಟು 2016ರಲ್ಲಿ ವಿಂಡೋಸಿನ ಹೊಟ್ಟೆಯೊಳಗೇ ಲಿನಕ್ಸಿಗೆ ಜಾಗ ಮಾಡಿಕೊಟ್ಟಿತು. 2013ರಲ್ಲಿ ಬಂದ ಡಾಕರ್‌ನ ಬಗ್ಗೆ ಈ ಕಸುಬಿನವರಲ್ಲಿ ಒಂದು ಜೋಕಿದೆ: ನಿನ್ನ ಮಷೀನಲ್ಲಿ ಓಡುತ್ತದೆಯೇ, ಹಾಗಾದರೆ ನಿನ್ನ ಮಷೀನನ್ನೇ ಗ್ರಾಹಕರಿಗೆ ಕಳಿಸೋಣ ಎಂದರಂತೆ, ಹುಟ್ಟಿತು ಡಾಕರ್. ಪ್ರೋಗ್ರಾಮಿನ ಜೊತೆ ಅದಕ್ಕೆ ಬೇಕಾದ ಸರಂಜಾಮನ್ನೆಲ್ಲ ಕಟ್ಟಿ ಒಂದೇ ಪೆಟ್ಟಿಗೆಯಾಗಿ ಸಾಗಿಸುವ ಉಪಾಯವದು. ಜಗಳ ಮುಗಿಯಿತು ಎನ್ನುವಷ್ಟರಲ್ಲಿ, 2020ರ ಕೊನೆಗೆ ಆ್ಯಪಲ್ ಮ್ಯಾಕುಗಳ ಚಿಪ್ಪನ್ನೇ ಬದಲಿಸಿತು. ಹೊಸ ಮ್ಯಾಕಿನಲ್ಲಿ ಕಟ್ಟಿದ ಪೆಟ್ಟಿಗೆಯನ್ನು ಇಂಟೆಲ್ ಚಿಪ್ಪಿನ ಸರ್ವರು, ಈ ಭಾಷೆ ನನಗೆ ಬಾರದು ಎಂದು ಹಿಂದಕ್ಕೆ ತಳ್ಳಿತು. ಗಡಿ ಅಳಿಯಲಿಲ್ಲ, ಒಂದಂತಸ್ತು ಕೆಳಗಿಳಿಯಿತು, ಅಷ್ಟೇ.

ಆದ್ದರಿಂದ ಯಾವ ಆಪರೇಟಿಂಗ್ ಸಿಸ್ಟಮ್ ಶ್ರೇಷ್ಠ ಎಂಬ ಚರ್ಚೆ ಕ್ಯಾಂಟೀನಿನಲ್ಲಿ ಎದ್ದಾಗ ನಾನು ಇನ್ನೊಂದು ವಡೆ ತರಲು ಏಳುತ್ತೇನೆ. ಮೂರರಲ್ಲೂ ಇರುವ ವಿಚಿತ್ರಗಳಿಗೆ ಒಂದು ಕಾಲಕ್ಕೆ ಒಳ್ಳೆಯ ಕಾರಣಗಳಿದ್ದವು. ಈಗ ಹೆಚ್ಚಿನವಕ್ಕಿಲ್ಲ, ಆದರೂ ಕೀಳುವ ಹಾಗಿಲ್ಲ. ಅವನ್ನು ನೆಚ್ಚಿ ಬರೆದ ಪ್ರೋಗ್ರಾಮುಗಳು ಎಲ್ಲೆಲ್ಲಿ ಓಡುತ್ತಿವೆಯೋ ಬಲ್ಲವರಿಲ್ಲ. ಕಾರಣ ಗೊತ್ತಿದ್ದವನಿಗೆ ಸಿಟ್ಟು ಬರುವುದಿಲ್ಲ, ಕೆಲಸ ಬೇಗ ಮುಗಿಯುತ್ತದೆ. ಈ ಕಸುಬಿಗೆ ಹೊಸದಾಗಿ ಬಂದವರಿಗೆ ನನ್ನ ಮಾತಿಷ್ಟೇ: ಫೈಲಿನ ಹೆಸರನ್ನು ಸಣ್ಣಕ್ಷರದಲ್ಲೇ ಬರೆಯಿರಿ, ಸಮಯವನ್ನು ಜಾಗತಿಕ ಲೆಕ್ಕದಲ್ಲೇ ಉಳಿಸಿ, ಅಕ್ಷರಕ್ಕೆ ಯುಟಿಎಫ್-8 ಬಿಟ್ಟು ಬೇರೇನನ್ನೂ ಬಳಸಬೇಡಿ. ಪ್ರೋಗ್ರಾಮು ಎಲ್ಲಿ ದುಡಿಯಬೇಕೋ ಅಲ್ಲಿಗೆ ಒಯ್ದು, ನೀವೇ ಓಡಿಸಿ ನೋಡಿ, ಆಮೇಲೆ ಮನೆಗೆ ಹೊರಡಿ.