ಗುಜ್ಜೆಯಿಂದ ನಿಘಂಟಿನವರೆಗೆ

ಕಾಸರಗೋಡಿನ ಸಂತೆಯಲ್ಲಿ ಎಳೆ ಹಲಸಿಗೆ ನಾವು ಗುಜ್ಜೆ ಎನ್ನುತ್ತೇವೆ, ತುಳುವರೂ ಗುಜ್ಜೆ ಎನ್ನುತ್ತಾರೆ. ಪಕ್ಕದಲ್ಲಿ ನಿಂತ ಮಲಯಾಳಿಗೆ ಅದು ಇಡಿಚಕ್ಕ. ಆ ‘ಚಕ್ಕ’ವೇ ಪೋರ್ಚುಗೀಸರ ಬಾಯಿಗೆ ಬಿದ್ದು, ಇಂಗ್ಲಿಷಿಗೆ ಹೋಗಿ ‘ಜಾಕ್’ ಆಯಿತು.

ಆದರೆ ಪದಗಳ ಪುಸ್ತಕಕ್ಕೆ ಮೂರೂ ಭಾಷೆಯವರದು ಒಂದೇ ಮಾತು: ನಿಘಂಟು. ಮಲಯಾಳಿಗಳ ಬಾಯಲ್ಲಿ ‘ನಿಘಂಡು’ ಎಂದು ಕೇಳುತ್ತದೆ, ಅಷ್ಟೇ. ಮೊದಲು ಇದು ವೇದದ ಕಠಿಣ ಪದಗಳ ಒಂದು ಪಟ್ಟಿಯ ಹೆಸರು. ಭೂಮಿಗಿರುವ 21 ಹೆಸರುಗಳಿಂದ ಆ ಪಟ್ಟಿ ಶುರುವಾಗುತ್ತದೆ, ಮೊದಲನೆಯದು ‘ಗೌಃ’. ಅದಕ್ಕೆ ಯಾಸ್ಕ ಬರೆದ ವಿವರಣೆಯೇ ‘ನಿರುಕ್ತ’. ಅರ್ಥ ತಿಳಿಸುವುದರಿಂದ ‘ನಿಗಂತು’, ಅದೇ ‘ನಿಘಂಟು’ ಆಯಿತು ಎಂಬ ಔಪಮನ್ಯವನ ಅಭಿಪ್ರಾಯವನ್ನು ಯಾಸ್ಕ ಆರಂಭದಲ್ಲೇ ಕೊಡುತ್ತಾನೆ. ಪದದ ಹುಟ್ಟನ್ನು ಹುಡುಕುವ ಗ್ರಂಥ ತನ್ನ ವಿಷಯದ ಹೆಸರಿನಿಂದಲೇ ಹುಡುಕಾಟ ಆರಂಭಿಸಿದ್ದು ನನಗೆ ಬಹಳ ಇಷ್ಟ.

ನಮ್ಮ ಮೂರು ಭಾಷೆಗಳ ದೊಡ್ಡ ನಿಘಂಟುಗಳು ಹೊರಬಂದದ್ದೂ ಇಲ್ಲೇ ಹತ್ತಿರದ ಮಂಗಳೂರಿನಿಂದ, ಬಾಸೆಲ್ ಮಿಶನ್‌ನವರ ಮೂಲಕ. 1872ರಲ್ಲಿ ಗುಂಡರ್ಟರ ಮಲಯಾಳ, 1886ರಲ್ಲಿ ಮ್ಯಾನರ್ ಅವರ ತುಳು, 1894ರಲ್ಲಿ ಕಿಟೆಲ್ಲರ ಕನ್ನಡ. ಒಂದೇ ಊರಿಗೆ ಇಷ್ಟು ಭಾಗ್ಯ ಅಪರೂಪ.

ಆದರೂ ಅಜ್ಜಿಯಂದಿರ ಅಡುಗೆಮನೆಯ ಎಷ್ಟೋ ಮಾತು ಇನ್ನೂ ಯಾವ ಪುಸ್ತಕಕ್ಕೂ ಸೇರಿಲ್ಲ. ನಿಮ್ಮ ಮನೆಯಲ್ಲಿ ಅಂಥದ್ದಿದ್ದರೆ ಇವತ್ತೇ ಒಂದು ಕಡೆ ಬರೆದಿಡಿ.