ಭೋಂಗಾ ಕೂಗುವ ಊರಿನ ಕಾದಂಬರಿಗಾರ್ತಿ

ತೆಲಂಗಾಣದ ಜಹೀರಾಬಾದ್ ಕಡೆಯ ಮೊಗುಡಂಪಲ್ಲಿಯ ಹೊಲವೊಂದರ ಬದುವಿನ ಮೇಲೆ ನಿಂತಿದ್ದೀರಿ. ತೊಗರಿ ಮೊಣಕಾಲುದ್ದ ಬಂದಿದೆ. ಸಾಲಿನ ನಡುವೆ ಖುರ್ಪಿ ಹಿಡಿದು ಕುಕ್ಕರುಗಾಲಲ್ಲಿ ಕೂತ ಹೆಣ್ಣುಮಕ್ಕಳು ಸದಿ ತೆಗೆಯುತ್ತ ಸರಿಯುತ್ತಿದ್ದಾರೆ. ಎಡಗೈ ಗಿಡವನ್ನು ಓರೆಗೆ ತಳ್ಳುತ್ತದೆ, ಬಲಗೈ ಬೇರಿನ ಕೆಳಗೆ ಖುರ್ಪಿ ತೂರಿಸುತ್ತದೆ, ಕಿತ್ತ ಕಸ ಬೆನ್ನ ಹಿಂದೆ ಬೀಳುತ್ತದೆ. ‘ಯವ್ವಾ, ಬಿಸಲ್ ಭಾಳ ಅದ, ನೀರ್ ಕುಡಿ ಬಾ’ ಎಂದು ಹಿರಿಯಾಕೆ ಕೂಗುತ್ತಾಳೆ. ರಸ್ತೆಯ ಬೋರ್ಡು ತೆಲುಗಿನಲ್ಲಿದೆ, ಕಚೇರಿಯ ಅರ್ಜಿ ತೆಲುಗಿನಲ್ಲಿದೆ. ಬದುವಿನ ಮೇಲಿನ ಮಾತು ಮಾತ್ರ ಕನ್ನಡ, ಅದೂ ಬೀದರ–ಕಲಬುರಗಿ ಸೀಮೆಯ ಕನ್ನಡ.

ದಿನಚರಿ ಬರೆಯಲು ಅಕ್ಷರ ಬೇಕು, ಕೂರಲು ಜಾಗ ಬೇಕು, ಸಂಜೆಯ ಒಂದಷ್ಟು ಹೊತ್ತು ಬೇಕು. ಈ ಹೆಣ್ಣುಮಕ್ಕಳ ಅವ್ವಂದಿರಿಗೆ, ಅಜ್ಜಿಯರಿಗೆ ಇದರಲ್ಲಿ ಯಾವುದೂ ಸಿಗಲಿಲ್ಲ. ಅಂಥವರ ದಿನಚರಿಯನ್ನು ಅವರದೇ ಮಾತಿನಲ್ಲಿ ಬರೆದಿಟ್ಟವರು ಗೀತಾ ನಾಗಭೂಷಣ. ಬರೆದದ್ದು ಕಾದಂಬರಿ ಎಂಬ ಹೆಸರಿನಲ್ಲಿ. ಆದರೆ ಯಾವ ಹೊತ್ತಿಗೆ ಒಲೆ ಹೊತ್ತಿತು, ಕೂಲಿ ಎಷ್ಟು ಬಂತು, ಯಾರ ಕಣ್ಣು ಯಾರ ಮೇಲೆ ಬಿತ್ತು, ದೇವರ ಹೆಸರು ಹೇಳಿ ಯಾರನ್ನು ಹೆದರಿಸಿದರು ಎಂಬ ಲೆಕ್ಕವೆಲ್ಲ ಅಲ್ಲಿದೆ.

ಈಗ ಪಡುವಣಕ್ಕೆ ತಿರುಗಿ. ನೀವು ನಿಂತ ಈ ನೆಲ ಒಂದು ಕಾಲಕ್ಕೆ ಬೀದರ ಜಿಲ್ಲೆಯದು. ನಾರಾಯಣಖೇಡವೂ ಹಾಗೆಯೇ, ತಾಂಡೂರು ಕಲಬುರಗಿ ಜಿಲ್ಲೆಯ ತಾಲೂಕು. ಎಲ್ಲವೂ ನಿಜಾಮರ ಹೈದರಾಬಾದ್ ಸಂಸ್ಥಾನದೊಳಗೆ, ಉರ್ದುವಿನ ಆಡಳಿತದ ಕೆಳಗೆ. 1956ರ ನವೆಂಬರ್ 1ರಂದು ಗೆರೆ ಬಿತ್ತು. ಬೀದರ, ಕಲಬುರಗಿ ಮೈಸೂರು ರಾಜ್ಯಕ್ಕೆ ಹೋದವು. ಜಹೀರಾಬಾದ್ ತಾಲೂಕು ಆಂಧ್ರಪ್ರದೇಶಕ್ಕೆ ಹೋಯಿತು, ಅದರದೇ ನಿರ್ಣಾ ವೃತ್ತ ಮಾತ್ರ ಮೈಸೂರಿನ ಕಡೆ ಉಳಿಯಿತು. ಒಂದೇ ತಾಲೂಕಿನ ಊರುಗಳು ಎರಡು ರಾಜ್ಯಕ್ಕೆ ಹಂಚಿಹೋದವು. ಆಗ ಗೀತಾ 14 ವರ್ಷದ ಹುಡುಗಿ.

ಆ ಹುಡುಗಿಯ ಕಲಬುರಗಿಗೆ ಬನ್ನಿ. ಬೆಳಗಿನ ಕತ್ತಲು ಇನ್ನೂ ಹರಿದಿಲ್ಲ, ಎಂ.ಎಸ್.ಕೆ. ಬಟ್ಟೆ ಮಿಲ್ಲಿನ ಭೋಂಗಾ, ಅಂದರೆ ಸೈರನ್ನು, ಕೂಗುತ್ತದೆ. ಓಣಿ ಓಣಿಯಿಂದ ಗಂಡಸರು ಬುತ್ತಿ ಹಿಡಿದು ಹೊರಡುತ್ತಾರೆ. ಪಾಳಿ ಮುಗಿಸಿ ಬರುವವರ ತಲೆಗೂದಲಲ್ಲಿ, ಹುಬ್ಬಿನಲ್ಲಿ ಅರಳೆ ಅಂಟಿದೆ. ಆ ಸಾಲಿನಲ್ಲಿ ಶಾಂತಪ್ಪನವರೂ ಇದ್ದಾರೆ, ಗೀತಾ ಅವರ ತಂದೆ. ತಾಯಿ ಶರಣಮ್ಮನವರಿಗೆ ಅಕ್ಷರ ಬಾರದು. ಇವರ ಮಗಳು, 1942ರ ಮಾರ್ಚ್ 25ರಂದು ಸಾವಳಗಿಯಲ್ಲಿ ಹುಟ್ಟಿದವಳು, ಶಾಲೆಗೆ ಹೊರಟಿದ್ದಾಳೆ. ಹಿಂದುಳಿದ ಜಾತಿಯ ಮಿಲ್ ಕೆಲಸಗಾರನ ಹೆಣ್ಣುಮಗು ಪಾಟಿಚೀಲ ಹಿಡಿದು ನಡೆಯುವುದೇ ಆ ದಿನಗಳಲ್ಲಿ ಓಣಿಗೆ ಒಂದು ಸುದ್ದಿ. ಆ ತಂದೆಯ ಹಠವನ್ನು ಇವತ್ತಿಗೂ ನೆನೆಯಬೇಕು.

ಮೆಟ್ರಿಕ್ ಮುಗಿಯುತ್ತಲೇ ನೌಕರಿ, ಸರ್ಕಾರಿ ಕಚೇರಿಯಲ್ಲಿ. ನೌಕರಿಯ ಜೊತೆಗೇ ಓದು: ಬಿ.ಎ., ಬಿ.ಎಡ್., ಎಂ.ಎ. ಆಮೇಲೆ ನಗರೇಶ್ವರ ಶಾಲೆಯಲ್ಲಿ ಮೇಷ್ಟ್ರ ಕೆಲಸ, ಸುಮಾರು ಮೂವತ್ತು ವರ್ಷ. 1968ರಲ್ಲಿ ಮೊದಲ ಕಾದಂಬರಿ ‘ತಾವರೆಯ ಹೂವು’ ಬಂತು. ಅದು ತ್ರಿವೇಣಿಯವರ ಕಾದಂಬರಿಗಳನ್ನು ಮನೆಮನೆಯ ಹೆಂಗಸರು ಓದುತ್ತಿದ್ದ ಕಾಲ. ಆ ಕಾದಂಬರಿಗಳ ಮನೆಗಳಲ್ಲಿ ಪಡಸಾಲೆಯಿತ್ತು, ಪತ್ರ ಬರೆಯುವ ನಾಯಕಿಯರಿದ್ದರು. ಕಲಬುರಗಿಯ ಮಣ್ಣುಗೋಡೆಯ ಮನೆಯಲ್ಲಿ ರೊಟ್ಟಿ ಬಡಿಯುವ, ಕೂಲಿಗೆ ಹೋಗುವ, ಜೋಗತಿಯಾಗಿ ಬಿಡಲ್ಪಟ್ಟ ಹೆಣ್ಣು ಅಲ್ಲಿ ಅಷ್ಟಾಗಿ ಕಾಣುತ್ತಿರಲಿಲ್ಲ. ಆಕೆಯನ್ನು ಕರೆತಂದು ಕಥೆಯ ನಡುಮನೆಯಲ್ಲಿ ಕೂರಿಸಿದ್ದು ಗೀತಾ ಅವರ ದೊಡ್ಡ ಕೆಲಸ. ‘ಹಸಿಮಾಂಸ ಮತ್ತು ಹದ್ದುಗಳು’ ಎಂಬ ಹೆಸರನ್ನೇ ನೋಡಿ, ಎಷ್ಟು ಬಿಚ್ಚಿ ಹೇಳುತ್ತದೆ. ಅದು ‘ಹೆಣ್ಣಿನ ಕೂಗು’ ಎಂಬ ಸಿನಿಮಾ ಕೂಡ ಆಯಿತು. ಒಟ್ಟು 27 ಕಾದಂಬರಿ, ಅದರ ಮೇಲೆ ಕಥೆ, ನಾಟಕ. ಪಾಠ ಹೇಳಿ, ಮನೆ ನೋಡಿಕೊಂಡು ಇಷ್ಟು ಬರೆಯುವುದೆಂದರೆ ರಾತ್ರಿಯ ನಿದ್ದೆ ಕೊಟ್ಟೇ ಬರೆಯಬೇಕು.

ಅವರ ‘ಬದುಕು’ ಕಾದಂಬರಿ ತೆರೆಯಿರಿ. ಅವಸರ ಬೇಡ, ಮಾತಿನ ಭಾಗ ಬಂದಾಗ ಗಟ್ಟಿಯಾಗಿ ಓದಿ. ಮೈಸೂರು ಸೀಮೆಯ ಓದುಗರು ಮೊದಲ ಪುಟಗಳಲ್ಲಿ ತಡವರಿಸಬಹುದು. ಜಹೀರಾಬಾದ್ ಕಡೆಯವರಿಗೆ ಒಂದು ಮಾತೂ ಅಪರಿಚಿತವಲ್ಲ: ‘ಅದ’, ‘ಹೊಂಟಾಳ’, ‘ಮಾಡ್ಲತ್ತಾರ’. ಪುಸ್ತಕದ ಕನ್ನಡ ತಮ್ಮದಲ್ಲ, ತಮ್ಮದು ಕಚ್ಚಾ ಮಾತು ಎಂದು ಹಿಂಜರಿಯುವವರು ಈ ಭಾಗದಲ್ಲಿ ಬಹಳ. ಗೀತಾ ಹಿಂಜರಿಯಲಿಲ್ಲ. ಅವರ ಹೆಂಗಸರು ಬೈಯುವಾಗ ಬಾಯಿ ತುಂಬ ಬೈಯುತ್ತಾರೆ, ಅಳುವಾಗ ಹಾಡಿಕೊಂಡು ಅಳುತ್ತಾರೆ. ಊರ ದೊಡ್ಡವರ ದರ್ಪ, ಮೂಢನಂಬಿಕೆ, ಬಡತನ ಯಾವುದಕ್ಕೂ ಮುಸುಕು ಹಾಕಿಲ್ಲ. ಜನ ನಗುವುದೂ ಅಲ್ಲಿದೆ. ಬಡವರ ಮನೆಯಲ್ಲಿ ಬರೀ ಕಣ್ಣೀರೇ ಇರುತ್ತದೆಂದು ನಂಬಿದ ಬರಹಗಾರ್ತಿ ಅವರಲ್ಲ.

2004ರಲ್ಲಿ ಈ ಕಾದಂಬರಿಗೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಕನ್ನಡಕ್ಕೆ ಈ ಪ್ರಶಸ್ತಿ 1955ರಲ್ಲೇ ಕುವೆಂಪು ಅವರ ಮೂಲಕ ಬಂದಿತ್ತು. ಅಂದಿನಿಂದ ಸುಮಾರು ಐವತ್ತು ವರ್ಷ ಕನ್ನಡದ ಒಬ್ಬ ಹೆಣ್ಣುಮಗಳಿಗೂ ಅದು ಸಿಕ್ಕಿರಲಿಲ್ಲ. ತ್ರಿವೇಣಿ, ಎಂ.ಕೆ. ಇಂದಿರಾ, ಅನುಪಮಾ ನಿರಂಜನ ಎಲ್ಲರೂ ಬರೆದು ಹೋಗಿದ್ದರು. ಈ ಐವತ್ತು ವರ್ಷ ನನಗೆ ಇಂದಿಗೂ ನುಂಗಲಾಗದ ತುತ್ತು.

ಗದುಗಿಗೆ ಬನ್ನಿ, 2010ರ ಫೆಬ್ರುವರಿ. 76ನೆಯ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಗೀತಾ ನಾಗಭೂಷಣ ಅಧ್ಯಕ್ಷೆ. ಆ ಪೀಠಕ್ಕೆ ಅವರಿಗಿಂತ ಮೊದಲು ಬಂದ ಹೆಣ್ಣುಮಕ್ಕಳು ಮೂವರೇ: 1974ರಲ್ಲಿ ಜಯದೇವಿತಾಯಿ ಲಿಗಾಡೆ, 2000ದಲ್ಲಿ ಶಾಂತಾದೇವಿ ಮಾಳವಾಡ, 2003ರಲ್ಲಿ ಕಮಲಾ ಹಂಪನಾ. ಲಿಗಾಡೆಯವರು ಸೊಲ್ಲಾಪುರದವರು, ಮೊಗುಡಂಪಲ್ಲಿಯವರಂತೆ ಅವರದೂ ಗಡಿಯಾಚೆಯ ಕನ್ನಡವೇ.

ಹತ್ತು ವರ್ಷ ಕಳೆದು 2020ರ ಫೆಬ್ರುವರಿಯಲ್ಲಿ ಸಮ್ಮೇಳನ ಅವರ ಊರಿಗೇ ಬಂತು. ಅದೇ ವರ್ಷದ ಜೂನ್ 28ರಂದು, ಕೊರೊನಾದ ದಿನಗಳಲ್ಲಿ, ಗೀತಾ ಕಲಬುರಗಿಯಲ್ಲಿ ತೀರಿಕೊಂಡರು. ಅವರಿಗೆ 78 ವರ್ಷವಾಗಿತ್ತು.